ಕಾಲರಿನ ಮೇಲಿನ ಕಲೆ

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಮಕ್ಕಳ ಕೋಣೆಗೆ ಪೋಸ್ಟರ್ ಅಂಟಿಸಿ ಹೋದ ಸರ್ಕಾರದ ಕಲ್ಯಾಣಾಧಿಕಾರಿಗಳೇ,

ನನ್ನ ಎದೆಹಾಲು ಬತ್ತುತ್ತಿದೆ. ನನಗೆ ಭಯವಾಗಿದೆ. ನಿಮ್ಮೆದುರು ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಊರಿಗೆಲ್ಲ ಕಾಣುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಚುವವರ ಧೈರ್ಯ ಹೀಗೆಯೇ ಇರುತ್ತದೆ.

ನಿಮ್ಮ ಪೋಸ್ಟರ್ ಚೆನ್ನಾಗಿದೆ. 'ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡ' ಎಂದಿದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೂ ಅರ್ಥವಾಯಿತು. ಅದರ ಕೆಳಗೇ ಕಾರ್ಖಾನೆಯವರ ಚೀಟಿಯಿದೆ: 'ಬಾಟಲಿ ಕುಡಿಯುವ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳಲಾಗುವುದು.' ಅಂಟಿಸುವಾಗ ಆ ಚೀಟಿ ನಿಮ್ಮ ಮೊಣಕೈಗೆ ತಾಗಿರಲೇಬೇಕು. ಓದಲಿಲ್ಲವೇ? ಅಥವಾ ಎರಡನ್ನೂ ಒಟ್ಟಿಗೆ ಪಾಲಿಸುವ ಉಪಾಯವೇನಾದರೂ ತಮ್ಮ ಕಚೇರಿಯಲ್ಲಿದೆಯೇ?

ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಹೋದಾಗ ಆಯಾ ಬಾಗಿಲಲ್ಲೇ ತಡೆದಳು. "ಮೊಲೆ ಕುಡಿಯೋ ಮಗು ಅತ್ರೆ ನಿನ್ನ ಕರೀಬೇಕು, ನೀನೆದ್ರೆ ಹೊಲಿಗೆ ಲೈನ್ ನಿಲ್ಲುತ್ತೆ. ಬಾಟಲಿ ಕಲಿಸ್ಕೊಂಡು ಬಾ ತಾಯಿ, ನನ್ನ ಕೆಲ್ಸ ಕಳೀಬೇಡ" ಎಂದಳು. ಅತ್ತೆ ತಮ್ಮ ಕೆಲಸಕ್ಕೆ ಒಂದು ವಾರ ರಜೆ ಹಾಕಿ ಕಲಿಸಿದರು. ನನ್ನ ವಾಸನೆ ಬಂದರೆ ಮಗು ಬಾಟಲಿ ಮುಟ್ಟುತ್ತಿರಲಿಲ್ಲ. ಆದ್ದರಿಂದ ಅವಳು ಅಳುವಾಗ ಹೆತ್ತ ನಾನು ಬೀದಿಯಲ್ಲಿ ನಿಂತಿರಬೇಕಿತ್ತು.

ಕೆಲಸಕ್ಕೆ ಮರಳಿದ ಮೊದಲ ದಿನಗಳಲ್ಲಿ, ಮಕ್ಕಳ ಕೋಣೆಯ ಕಡೆಯಿಂದ ಯಾವ ಮಗು ಅತ್ತರೂ ನನ್ನ ಎದೆ ಸೋರುತ್ತಿತ್ತು. ನಾನು ಕಾಲರ್ ಹೊಲಿಯುವವಳು. ಒಂದು ದಿನ ಬಗ್ಗಿದಾಗ ಹಾಲು ಕಾಲರಿನ ಬಟ್ಟೆಗೆ ಹತ್ತಿತು. ಸೂಪರ್‌ವೈಸರ್ ಕಾಲರ್ ಎತ್ತಿ ಹಿಡಿದು ಎಲ್ಲರೆದುರು ಕೇಳಿದರು:

"ಏನಮ್ಮಾ ಇದು, ಎಣ್ಣೆನಾ?"

"ಹೂಂ ಸಾರ್" ಎಂದೆ. ಇನ್ನೇನು ಹೇಳಲಿ? ಮೆಕ್ಯಾನಿಕ್ ಬಂದು ಮೆಷಿನ್ನಿನ ಹೊಟ್ಟೆ ಬಗೆದು ಹುಡುಕಿದ. "ಎಲ್ಲಿಂದ ಸೋರ್ತಿದೆಯೋ ಈ ಪೀಡೆ!" ಎಂದು ಬೈದ. ಪಕ್ಕದ ಮೆಷಿನ್ನಿನ ಅಕ್ಕ ನಗು ತಡೆಯಲು ದಾರ ಕಚ್ಚಿಕೊಂಡಳು. ಆಮೇಲೆ ಅವಳೇ ನನಗೆ ರವಿಕೆಯೊಳಗಿಡಲು ಚಿಂದಿ ಬಟ್ಟೆ ಮಡಚಿ ಕೊಟ್ಟಳು. ಅವಳಿಗೂ ಎರಡು ಮಕ್ಕಳು.

ಮಾನ್ಯರೇ, ನಮ್ಮಲ್ಲಿ ಮೆಷಿನ್ ಸೋರಿದರೆ ಲೈನ್ ನಿಲ್ಲಿಸುತ್ತಾರೆ. ತಾಯಿಗೆ ನಿಲ್ಲಿಸುವುದಿಲ್ಲ. ಇದು ನಿಮಗೆ ಯಾವತ್ತೂ ವಿಚಿತ್ರವೆನಿಸಲಿಲ್ಲವೇ?

ಬಾಟಲಿ ಹಿಡಿದ ಮೇಲೆ ಮಗಳಿಗೆ ಎರಡು ಸಲ ಭೇದಿಯಾಯಿತು. ಎರಡನೆಯ ಸಲ ಕಣ್ಣು ಗುಳಿಬಿದ್ದು, ಅಳಲೂ ತ್ರಾಣವಿಲ್ಲದೆ ನನ್ನ ಮಡಿಲಲ್ಲಿ ಬಿದ್ದಿದ್ದಳು. ಆಸ್ಪತ್ರೆಯ ನರ್ಸಮ್ಮ, "ಕುಡಿಸಿದಷ್ಟೂ ಹಾಲು ಬರುತ್ತೆ ಕಣಮ್ಮ, ಕುಡಿಸದಿದ್ರೆ ನಿಲ್ಲುತ್ತೆ. ಈಗ್ಲೂ ಕಾಲ ಮಿಂಚಿಲ್ಲ" ಎಂದರು. ಆದರೆ ಈಗ ಎದೆಗೆ ಹಾಕಿಕೊಂಡರೆ ಮಗಳು ಎರಡು ಸಲ ಚೀಪಿ, ಏನೂ ಬಾರದೆ, ಮುಖ ತಿರುಗಿಸುತ್ತಾಳೆ. ಮೂರನೆಯ ಭೇದಿಯನ್ನು ಅವಳು ತಡೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ?

ಆ ಚೀಟಿಯನ್ನು ಕೀಳಿಸಿ. ಮಗು ಅತ್ತಾಗ ನಾನು ಎದ್ದು ಹೋಗಿ ಹಾಲು ಕುಡಿಸಿ ಬರಲು ಬಿಡಬೇಕೆಂದು ಕಾರ್ಖಾನೆಗೆ ಆಜ್ಞೆ ಮಾಡಿ. ಆಗದಿದ್ದರೆ ದಯವಿಟ್ಟು ನಿಮ್ಮ ಪೋಸ್ಟರನ್ನಾದರೂ ಕಿತ್ತುಕೊಂಡು ಹೋಗಿ. ಬೆಳಿಗ್ಗೆ ಅದರ ಕೆಳಗೆ ಮಗಳನ್ನು ಬಿಟ್ಟು ಬರುವಾಗ ನಾನು ಅದನ್ನು ಓದದಂತೆ ತಲೆ ತಗ್ಗಿಸುತ್ತೇನೆ.

ಬೇಗ ಮಾಡಿ. ನಿನ್ನೆ ಸೂಪರ್‌ವೈಸರ್ ನನ್ನ ಕಾಲರುಗಳನ್ನು ತಿರುಗಿಸಿ ನೋಡಿ ಹೊಗಳಿದರು: "ನೋಡಿದ್ಯಾ, ಮೆಷಿನ್ ರಿಪೇರಿ ಆದ್ಮೇಲೆ ಒಂದು ಕಲೆ ಇಲ್ಲ!"

ಇಂತಿ,
ಈಗ ಸೋರದ ಮೆಷಿನ್ನಿನ ಟೈಲರ್