ಅಕ್ಕ ಗೇಲಿ ಮಾಡಲಿಲ್ಲ

ಮಾರ್ಚ್ ೧೨, ಬುಧವಾರ

ಅಕ್ಕ ಇವತ್ತು ನನ್ನನ್ನು ಗೇಲಿ ಮಾಡಲಿಲ್ಲ. ಅದೇ ಕೊರೆಯುತ್ತಿತ್ತು.

ಬಲಗೈ ಸ್ವಾಧೀನ ತಪ್ಪಿ, ಅರೆಬರೆ ಮರಳಿದ ಮೇಲೆ ನಾನು ಹೊಲಿದ ಮೊದಲ ಅಂಗಿ. ಕಾಲರ್ ಸೊಟ್ಟ, ಒಂದು ತೋಳು ಗಿಡ್ಡ. ನನ್ನ ಹೊಲಿಗೆ ಅಂಗಡಿಗೆ ಬಂದ ಅಕ್ಕ ಅದನ್ನು ಬೆಳಕಿಗೆ ಹಿಡಿದು, "ಚೆನ್ನಾಗಿ ಬಂದಿದೆ ಕಣೋ" ಅಂದಳು.

ಗೇಲಿ ಎಂದರೆ ಜನಕ್ಕೆ ಅವಮಾನ. "ಗೇಲಿ ಮಾಡ್ತೀಯೇನಯ್ಯಾ" ಎಂದು ಗಿರಾಕಿಗಳು ಒಬ್ಬರ ಕೊರಳಪಟ್ಟಿ ಇನ್ನೊಬ್ಬರು ಹಿಡಿದದ್ದನ್ನು ಕಂಡಿದ್ದೇನೆ. ನಮ್ಮಿಬ್ಬರಲ್ಲಿ ಹಾಗಲ್ಲ. ನನ್ನ ಮೀಸೆ, ನನ್ನ ಸೈಕಲ್ಲು, ನನ್ನ ಮದುವೆ ಫೋಟೊ, ಯಾವುದನ್ನೂ ಅವಳು ಬಿಟ್ಟವಳಲ್ಲ. ತಡೆದುಕೊಳ್ಳಬಲ್ಲವರನ್ನಷ್ಟೇ ಅವಳು ಗೇಲಿ ಮಾಡುವುದು. ಇವತ್ತು ಅಂಥವರ ಪಟ್ಟಿಯಿಂದ ನನ್ನನ್ನು ಕೈಬಿಟ್ಟಿದ್ದಳು.

ಅಂಗಡಿ ಮುಚ್ಚಿದೆ. ಕೊನೆಗೆ ಅದೇ ಅಂಗಿ ತೊಟ್ಟು, ಹಿಂದಿನ ಬೀದಿಯಲ್ಲಿರುವ ಅವಳ ಮನೆಯ ಬಾಗಿಲು ತಟ್ಟಿದೆ. ಬಲತೋಳು ಮಣಿಕಟ್ಟಿನವರೆಗೆ ಬಂದಿತ್ತು, ಎಡತೋಳು ಮೊಣಕೈ ದಾಟಿದ್ದೇ ಹೆಚ್ಚು.

"ಈಗ ಹೇಳು" ಅಂದೆ.

ಅವಳು ಮೇಲಿಂದ ಕೆಳಗೆ ನೋಡಿ ತುಟಿ ಕಚ್ಚಿಕೊಂಡಳು. ತಡೆಯಲಾಗಲಿಲ್ಲ.

"ಒಂದು ತೋಳು ನಿಂಗೆ, ಇನ್ನೊಂದು ನಿನ್ನ ಮಗಂಗೇನೋ?"

ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಾಗಿಲ ಚೌಕಟ್ಟಿಗೆ ಒರಗಿ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಬಿಚ್ಚಿ ಮತ್ತೆ ಹೊಲಿ. ಇಲ್ಲಾಂದ್ರೆ ಬೀದಿಗೆಲ್ಲ ತೋರಿಸ್ತೀನಿ" ಅಂದಳು.

ನಾಳೆ ಹೊಲಿ ಅಂದಳು.

ಅಂಗಿ ಇನ್ನೂ ಮೈಮೇಲೇ ಇದೆ. ಕೈ ಸೋತಿದೆ, ಅಕ್ಷರಗಳೂ ಸೊಟ್ಟಗಾಗುತ್ತಿವೆ. ಈ ಹಾಳೆಯನ್ನೇನಾದರೂ ಅವಳು ನೋಡಿದರೆ ಇದನ್ನೂ ಬಿಡುವವಳಲ್ಲ.