ಮೂರರಲ್ಲಿ ದೊಡ್ಡದು

ಮಾರ್ಚ್ 3, ಸೋಮವಾರ. ಬೆಳಗ್ಗೆ 4-20

350. 340. 340. 320. ಅಲ್ಲಿಗೇ ನಿಲ್ಲಿಸಬೇಕಿತ್ತು. ಇನ್ನೊಂದು ಸಲ ಊದಿದೆ — 310.

ಎದ್ದಾಗ ಎದೆ ಹಗುರವಾಗಿತ್ತು. ಈಗ ಬಿಗಿ. ಹಾಗಾದರೆ 310 ನಿಜವೇ ಇರಬೇಕು. ಐದನ್ನೂ ಚಾರ್ಟಿನಲ್ಲಿ ಬರೆದಿದ್ದೇನೆ. ಮೂರು ಸಲ ಊದಿ ದೊಡ್ಡದೊಂದನ್ನೇ ಬರಿ ಎಂದಿದ್ದರು ಆಸ್ಪತ್ರೆಯ ಸಿಸ್ಟರ್. ಅದು ಹೇಗೆ ಸರಿ? ಮೂರು ಟೆಸ್ಟು ಬರೆದು ಹೆಚ್ಚು ಬಂದದ್ದನ್ನು ಮಾತ್ರ ಮನೆಯಲ್ಲಿ ತೋರಿಸುತ್ತಿದ್ದವಳು ಅಕ್ಕ. ನಾನು ಮೂರನ್ನೂ ತೋರಿಸಿ, ಮೂರಕ್ಕೂ ಬೈಸಿಕೊಂಡು, ಹತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಬಂದವಳು.

ಅಮ್ಮ ಹೊದಿಕೆಯೊಳಗಿಂದಲೇ, "ಆ ಪೀಪಿ ಸಾಕು ಮಾಡೇ. ಊದೀ ಊದೀನೇ ಇರೋ ಉಸಿರೆಲ್ಲ ಖರ್ಚಾಗತ್ತೆ."

ಪೀಪಿ ಅಲ್ಲ ಅದು, ಮೀಟರ್. ಪ್ಲಾಸ್ಟಿಕ್ ಕೊಳವೆ, ಮೇಲೊಂದು ಕೆಂಪು ಮುಳ್ಳು. ಎಷ್ಟು ಜೋರಾಗಿ ಊದುತ್ತೇವೋ ಅಷ್ಟು ದೂರ ಓಡುತ್ತದೆ. ನನಗೆ 320ರ ಮೇಲಿದ್ದರೆ ಹಸಿರು. ಕೆಳಗೆ ಹಳದಿ. 200ಕ್ಕಿಂತ ಕೆಳಗೆ... ಅದನ್ನು ಬರೆಯುವುದಿಲ್ಲ.

ಮಧ್ಯಾಹ್ನ 2

ಬೇಕರಿಯಲ್ಲಿ ಹನ್ನೊಂದು ಸಲ ಊದಿದೆ. ಹನ್ನೊಂದನೆಯದಕ್ಕೆ ಮೇಸ್ತ್ರಿ ಕೈಗೆ ಸಿಕ್ಕಿಬಿದ್ದೆ.

"ಏನೇ ಅದು, ಮೂಟೆ ಹಿಂದೆ ಕೂತ್ಕೊಂಡು ಕೊಳಲು ಕಲೀತಿದೀಯಾ?"

"ಉಸಿರು ಅಳೀತಿದೀನಿ ಮೇಸ್ತ್ರಿ."

"ಎಷ್ಟಿದೆ? ಅರ್ಧ ಕೆಜಿ ಬರತ್ತಾ?"

ಆಮೇಲೆ ದನಿ ಇಳಿಸಿ, ಮುಚ್ಚಿಟ್ಟ ಹಿಟ್ಟಿನ ಬಟ್ಟೆ ಗಳಿಗೆಗೊಂದು ಸಲ ಎತ್ತಿ ನೋಡಿದರೆ ಅದು ಉಬ್ಬುತ್ತದೆಯೇ ಎಂದರು. ಹಿಟ್ಟು ಬೇರೆ, ಎದೆ ಬೇರೆ ಎಂದೆ. "ಬಾಯಿಗಂತೂ ಏನೂ ಕಾಯಿಲೆ ಇಲ್ಲ ನೋಡು," ಎಂದು ಓವನ್ ಕಡೆ ಹೋದರು.

ಒಂದು ವರ್ಷವಾಯಿತು ಇಲ್ಲಿಗೆ ಬಂದು. ಮೊದಲು ಟ್ರೇ ತೊಳೆಯುತ್ತಿದ್ದೆ. ಈಗ ಬೆಳಗಿನ ಹಿಟ್ಟು ಪೂರ್ತಿ ನನ್ನದು. ನಾದುತ್ತಾ ನಾದುತ್ತಾ ಒಂದು ಹೊತ್ತಿಗೆ ಹಿಟ್ಟು ಅಂಗೈ ಬಿಟ್ಟು ತಾನೇ ಏಳುತ್ತದಲ್ಲ, ಆಗ ನನಗೆ ಬೇರೇನೂ ನೆನಪಿರುವುದಿಲ್ಲ. ಬೆಂಚಿನ ಮೇಲೆ ಹತ್ತು ನಿಮಿಷ ಕೂರಲಾರದವಳು ಅಲ್ಲಿ ಎರಡು ಗಂಟೆ ನಿಲ್ಲುತ್ತೇನೆ. ಉಬ್ಬಸ ಶುರುವಾಗಿ ಮೂರು ತಿಂಗಳು.

ಮಾರ್ಚ್ 5

ರಜೆಯ ದಿನ ನಿನ್ನೆ ಇಡೀ ಮಧ್ಯಾಹ್ನ ಫೋನ್ ನೋಡಿದೆ. ಒಂದು ಗುಂಪಿಗೆ ಸೇರಿದ್ದೇನೆ. ಉಬ್ಬಸದವರೇ ಎಲ್ಲ. ಒಬ್ಬಳು ಹದಿನಾಲ್ಕು ಔಷಧಿಯ ಫೋಟೋ ಹಾಕಿದ್ದಳು. ಒಬ್ಬ ಬಾಯಿಗೆ ಔಷಧಿ ಎಳೆದುಕೊಳ್ಳುವ ಪಂಪ್ ಎಲ್ಲ ಬಿಸಾಡಿ ತಣ್ಣೀರಿನಲ್ಲಿ ಮುಳುಗಿ ಎಂದ. ಇನ್ನೊಬ್ಬನ ಕೊನೆಯ ಮಾತು, 'ಇವತ್ತು 180' — ಅದರ ಕೆಳಗೆ ಆರು ವಾರದಿಂದ ಏನೂ ಇಲ್ಲ. ಅವನ ಹೆಸರಿಗೇ ನಾಲ್ಕು ಸಲ ಹೋಗಿ ಬಂದೆ.

ಈಗ ಫೋನಿಗೂ ನನ್ನ ಕಾಯಿಲೆ ಅಂಟಿದೆ. ಬನ್ ಮಾಡುವುದನ್ನು ಹುಡುಕಿದರೂ ಶ್ವಾಸಕೋಶದ ಚಿತ್ರವೇ ಬರುತ್ತದೆ.

ಮಾರ್ಚ್ 8, ಶನಿವಾರ

ಆಸ್ಪತ್ರೆ. ಸಿಸ್ಟರ್ ಚಾರ್ಟ್ ತಿರುವಿ ಹಾಕಿದರು. "ಇದೇನಮ್ಮ, ಮಗ್ಗಿ ಪುಸ್ತಕ ತಂದಿದೀಯಾ?"

"ಊದಿದ್ದೆಲ್ಲ ಬರ್ದಿದೀನಿ ಸಿಸ್ಟರ್. ದೊಡ್ಡದೊಂದೇ ಬರೆದ್ರೆ ಮೋಸ ಅಲ್ವಾ?"

ಪೆನ್ನು ಕೆಳಗಿಟ್ಟರು. "ನಿಮ್ಮನೆ ಬಾಗಿಲು ಎಷ್ಟು ಅಗಲ ಅಂತ ಅಳೀಬೇಕು. ಪೂರ್ತಿ ತೆಗೆದು ಅಳೀತೀಯೋ, ಅರ್ಧ ತೆಗೆದೋ?"

"ಪೂರ್ತಿ."

"ಹಾಗೇ ಇದು. ದೊಡ್ಡ ಅಂಕಿನೇ ನಿನ್ನ ಎದೆ. ಸಣ್ಣದೆಲ್ಲ ಸುಸ್ತಾಗಿ ಊದಿದ್ದು. ಸುಮ್ನೆ ಊದ್ತಾ ಹೋದ್ರೆ ನಂದೂ ಇಳಿಯತ್ತೆ."

"ಊದಿ ತೋರ್ಸಿ."

ಅಮ್ಮ ನನ್ನ ತೊಡೆ ಚಿವುಟಿದಳು. ಸಿಸ್ಟರ್ ನಿಜಕ್ಕೂ ಹೊಸ ಬಾಯಿಕೊಳವೆ ಸಿಕ್ಕಿಸಿ ಊದಿದರು. 430. 430. 410. 390. ಐದನೆಯದಕ್ಕೆ ಕೆಮ್ಮು ಬಂದು ಮೇಜು ಹಿಡಿದುಕೊಂಡರು. ಸಾಲಿನಲ್ಲಿದ್ದ ಅಜ್ಜ, "ಡಾಕ್ಟ್ರನ್ನ ಕರೀರಪ್ಪ, ಸಿಸ್ಟರ್‌ಗೇ ಹಿಡ್ಕೊಳ್ತು," ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ದಿನ ಬರೆದದ್ದೆಲ್ಲ ಸುಳ್ಳು ಎಂದಾಯಿತಲ್ಲ. ಅದೂ ಸುಳ್ಳಾಗಬಾರದು ಎಂದು ಬರೆದದ್ದು.

ಹೊಸ ಚಾರ್ಟ್ ಕೊಟ್ಟರು. ದಿನಕ್ಕೆ ಎರಡೇ ಮನೆ. ಬೆಳಗ್ಗೆ, ಸಂಜೆ. ನೀಲಿ ಪಂಪ್ ಎಳೆದುಕೊಳ್ಳುವ ಮೊದಲು ಊದಬೇಕು; ಎಳೆದ ಮೇಲೆ ಎದೆ ಕೆಲ ಹೊತ್ತು ಸಡಿಲವಾಗಿ ಅಂಕಿ ಏರುತ್ತದಂತೆ. ಮೂರು ಸಲ. ದೊಡ್ಡದು ಮಾತ್ರ. ನಡುವೆ ಅಮ್ಮನ ಹತ್ತಿರ ಮೀಟರ್. ಏನೇ ಅನುಮಾನ ಬಂದರೂ ಚಾರ್ಟಿನ ಹಿಂದೆ ಬರೆದು ತರಬೇಕು, ಫೋನನ್ನು ಕೇಳಬಾರದು. "ಮಾತು ಮುಗಿಸೋಕಾಗ್ದಷ್ಟು ಉಸಿರು ಹಿಡಿದ್ರೆ ಮಾತ್ರ ಚಾರ್ಟೂ ಬೇಡ ಪೀಪಿನೂ ಬೇಡ, ಸೀದಾ ಓಡಿ ಬಾ." ಅವರ ಬಾಯಲ್ಲೂ ಪೀಪಿ. ಅಮ್ಮ ಗೆದ್ದಳು.

ಹೊರಡುವಾಗ ಹೇಳಿದರು. ಹಿಟ್ಟಿನ ಧೂಳಿನಿಂದಲೇ ಹೀಗಾಗುತ್ತಿದೆಯೋ ಎಂದು ಡಾಕ್ಟರಿಗೆ ಅನುಮಾನ. ಕೆಲಸದ ದಿನ, ರಜೆಯ ದಿನ ಎರಡನ್ನೂ ನೋಡಿ 29ಕ್ಕೆ ತೀರ್ಮಾನ. ಹಿಟ್ಟೇ ಎಂದಾದರೆ ಹಿಟ್ಟಿನ ಕೆಲಸ ಬಿಡಬೇಕು.

ಮಾರ್ಚ್ 10. ಸಂಜೆ 4

ಮೀಟರ್ ಅಮ್ಮನ ಹೊಲಿಗೆ ಡಬ್ಬಿಯಲ್ಲಿದೆ.

"ಒಂದೇ ಒಂದ್ಸಲ ಅಮ್ಮ."

"ಆರು ಗಂಟೆಗೆ."

"ಎದೆ ಬಿಗಿ ಆಗ್ತಿದೆ."

"ಇಷ್ಟುದ್ದ ಜಗಳ ಆಡ್ತಿದೀಯಲ್ಲ, ಆಗ್ತಿಲ್ಲ ಬಿಡು."

ಕೈ ಸುಮ್ಮನಿರುತ್ತಿಲ್ಲ. ಆರಾಗಲು ಇನ್ನೂ ಎರಡು ಗಂಟೆ. ಮೂರು ಸಲ ಮೆಟ್ಟಿಲು ಹತ್ತಿ ಇಳಿದೆ — ಉಸಿರು ನೋಡಲು. ಇದು ಮೋಸವೋ? ಮೀಟರ್ ಇಲ್ಲದೆ ಅಳೆಯಬಾರದು ಎಂದೇನೂ ಅವರು ಹೇಳಲಿಲ್ಲ.

ಮಾರ್ಚ್ 13

ಅಡುಗೆಮನೆಯಲ್ಲಿ ಅಮ್ಮ ಗುಟ್ಟಾಗಿ ಊದುತ್ತಿದ್ದಳು. ನನ್ನನ್ನು ಕಂಡು ಮುಖ ಬಿಳಿಚಿತು. "ನಂದು 290 ಕಣೇ! ಸೊಂಟ ಒಂದು ಬಿಟ್ರೆ ಗಟ್ಟಿಯಾಗಿದೀನಿ ಅನ್ಕೊಂಡಿದ್ದೆ."

ಅವಳ ವಯಸ್ಸಿಗೆ, ಎತ್ತರಕ್ಕೆ ಲೆಕ್ಕವೇ ಬೇರೆ ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಸಮಾಧಾನವಾಗಲಿಲ್ಲ. "ಇನ್ನೊಂದ್ಸಲ ಊದ್ಲಾ?" ಎಂದಳು. "ಆರು ಗಂಟೆಗೆ," ಎಂದೆ. ಇಬ್ಬರೂ ನಕ್ಕು ನಕ್ಕು ಗೋಡೆ ಹಿಡಿದೆವು.

ಫೋನಿನಲ್ಲಿ ಆ ಗುಂಪಿನಿಂದ ಹೊರಗೆ ಬಂದೆ. ಬರುವ ಮುಂಚೆ ಆ 180ರವನನ್ನು ನೋಡಿದೆ. ಇನ್ನೂ ಏನೂ ಇಲ್ಲ.

ಮಾರ್ಚ್ 18, ಮಂಗಳವಾರ. ಸಂಜೆ

ಓವನ್ ಒಳಗಿನ ಇಟ್ಟಿಗೆ ಕುಸಿದು ಬೇಕರಿ ಮೂರು ದಿನ ಮುಚ್ಚಿತ್ತು. ಇವತ್ತು ಕೊನೆ.

ಸಂಜೆಯ ಮನೆಗಳನ್ನು ಮಾತ್ರ ಬರೆಯುತ್ತೇನೆ. ಕೆಲಸದ ದಿನ: 330, 320, 310, 320, 310. ಈ ಮೂರು ದಿನ: 350, 380, 400.

400 ಬಂದಾಗ ಕುಣಿದಾಡಬೇಕಿತ್ತು. ಚಾರ್ಟನ್ನು ಹಾಸಿಗೆ ಅಡಿಗೆ ತಳ್ಳಿದೆ.

ದಿನಕ್ಕೆ ಇಪ್ಪತ್ತು ಅಂಕಿ ಬರೆಯುತ್ತಿದ್ದಾಗ ಇದು ಕಾಣುತ್ತಿರಲಿಲ್ಲ. ಎಲ್ಲ ಒಂದೇ ಗಲಿಬಿಲಿ. ದಿನವಿಡೀ ಹೆದರುತ್ತಿದ್ದೆ, ಆದರೆ ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಕಾಣದಿರಲಿ ಎಂದೇ ಅಷ್ಟು ಬರೆಯುತ್ತಿದ್ದೆನೋ ಏನೋ. ಈಗ ಎರಡೇ ಎರಡು ಮನೆ. ಅಕ್ಷರ ಬಾರದವರಿಗೂ ಗೊತ್ತಾಗುತ್ತದೆ.

ಮಾರ್ಚ್ 20

ಸಂಜೆ ಆರಕ್ಕೆ ಮೊದಲು ನೀಲಿ ಪಂಪ್ ಎಳೆದುಕೊಂಡೆ. ಹದಿನೈದು ನಿಮಿಷ ಕಾದೆ. ಆಮೇಲೆ ಊದಿದೆ. 370.

ಬರೆದೆ. ಅಂಕಿ ನಿಜವೇ ತಾನೆ? ನಾನೇ ಊದಿದ್ದು. ಮೂರರಲ್ಲಿ ದೊಡ್ಡದು.

ಅಮ್ಮ ಚಾರ್ಟ್ ನೋಡಿ, "ಕೆಲಸಕ್ಕೆ ಹೋಗಿ ಬಂದ್ರೂ 370! ಹಿಟ್ಟಿಂದು ಏನೂ ತಪ್ಪಿಲ್ಲ ಬಿಡು," ಎಂದಳು. ಹೂಂ ಎಂದೆ.

ಮಾರ್ಚ್ 21

ಬೆಳಗ್ಗೆಯೂ ಹಾಗೇ. ಸಂಜೆಯೂ. 370. 360. ಹೊಸ ಮೂಟೆಗಳು ಬಂದಿವೆ. ಬೆಳಗ್ಗೆ ಬಣ್ಣ ಕೇಳಿ, ಹಸಿರಾದರೆ ಮಾತ್ರ ಜರಡಿ ಎಂದಿದ್ದಾರೆ ಮೇಸ್ತ್ರಿ. ನಾಳೆ ಜರಡಿ ಹಿಡಿಯುವವಳು ನಾನು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕು.

ಮಾರ್ಚ್ 25, ಮಂಗಳವಾರ

ಮನೆ. ನಿನ್ನೆ ಆಸ್ಪತ್ರೆಯಿಂದ ಬಂದೆ.

ಶನಿವಾರ ಎರಡನೇ ಮೂಟೆ ಜರಡಿ ಹಿಡಿಯುವಾಗ ಆಯಿತು. ಮೇಸ್ತ್ರಿ ಏನೋ ಕೇಳಿದರು. 'ಏನಿಲ್ಲ' ಎನ್ನಲು ಹೋದೆ. 'ಏ' ಮಾತ್ರ ಬಂತು. ಸ್ಕೂಟರಿನಲ್ಲಿ ಕೂರಿಸಿಕೊಂಡು ಅವರೇ ಆಸ್ಪತ್ರೆಗೆ ಓಡಿಸಿದರು. ಏಪ್ರನ್ ಬಿಚ್ಚಿರಲಿಲ್ಲ, ದಾರಿಯುದ್ದಕ್ಕೂ ಇಬ್ಬರಿಂದಲೂ ಹಿಟ್ಟು ಹಾರುತ್ತಿತ್ತು. ಮೂಗಿಗೆ ಮಾಸ್ಕ್, ಹೊಗೆಯಂಥ ಔಷಧಿ, ಎರಡು ದಿನ.

ಮೇಸ್ತ್ರಿ ಮಂಚದ ಪಕ್ಕ ನಿಂತು ಒಂದೇ ಮಾತು ಹೇಳಿದರು. "ಬೆಳಗ್ಗೆ ಕೇಳ್ದಾಗ ಹಸಿರು ಅಂದ್ಯಲ್ಲೇ. ಅದಕ್ಕೇ ಜರಡಿ ಕೊಟ್ಟೆ." ಬೈದಿದ್ದರೆ ಚೆನ್ನಾಗಿತ್ತು. ತಮ್ಮದೇ ತಪ್ಪು ಎಂಬಂತೆ ಟೋಪಿ ಹಿಂಡುತ್ತಿದ್ದರು.

ಅಮ್ಮ ಮೀಟರನ್ನು ಹೊಲಿಗೆ ಡಬ್ಬಿಯಿಂದ ತೆಗೆದು ನನ್ನ ದಿಂಬಿನ ಪಕ್ಕ ಇಟ್ಟಳು. ನಾನೇ ತಿರುಗಿ ಕೊಟ್ಟೆ.

20, 21ರ ಮನೆಗಳನ್ನು, 22ರ ಬೆಳಗಿನದನ್ನೂ ಹೊಡೆದು ಹಾಕಿದೆ. ಪಕ್ಕದಲ್ಲಿ ಬರೆದೆ: ಪಂಪ್ ಆದ ಮೇಲೆ ಊದಿದ್ದು. ಆಸ್ಪತ್ರೆಯ ದಿನಗಳು ಖಾಲಿ. ಖಾಲಿಯೇ ಇರಲಿ.

ಮಾರ್ಚ್ 28, ಶುಕ್ರವಾರ. ಸಂಜೆ

ಆಸ್ಪತ್ರೆಯಿಂದ ಬಂದ ಮೇಲೆ ಕೆಲಸಕ್ಕೆ ಹೋಗಿಲ್ಲ. ಕಳೆದ ಮೂರು ಸಂಜೆ: 340. 360. ಇವತ್ತು 380. ಎರಡು ಹೊತ್ತು ಬಿಟ್ಟರೆ ಮೀಟರಿನ ನೆನಪು ಬರುವುದು ಕಡಿಮೆ. ಸುಳ್ಳು — ಬರುತ್ತದೆ. ಎದ್ದು ಹೋಗಿ ಕೇಳುವುದಿಲ್ಲ, ಅಷ್ಟೇ.

ಚಾರ್ಟಿನ ಹಿಂದೆ ಸಿಸ್ಟರಿಗೆ ಮೂರು ಪ್ರಶ್ನೆ ಬರೆದಿದ್ದೇನೆ. ಮೂರನೆಯದು: ಧೂಳು ಏಳದ ಹಾಗೆ ಹಿಟ್ಟು ಕಲಸುವ ದಾರಿ ಎಲ್ಲಾದರೂ ಇದೆಯೇ? ಉತ್ತರ ನನಗೆ ಗೊತ್ತಿದೆ ಅನಿಸುತ್ತದೆ. ಆದರೂ ಕೇಳುತ್ತೇನೆ.

ನಾಳೆ ಆಸ್ಪತ್ರೆಗೆ ಮೊದಲು ಬೇಕರಿಗೆ ಹೋಗಬೇಕು. ಬಾಗಿಲ ಹೊರಗೇ ನಿಂತು ಮೇಸ್ತ್ರಿಯನ್ನು ಕರೆಯಬೇಕು. ಹೇಗೆ ಶುರು ಮಾಡಲಿ? ಇಲ್ಲಿ ಬರೆದು ನೋಡುತ್ತೇನೆ.

ಮೇಸ್ತ್ರಿ, ಡಾಕ್ಟ್ರು ಹಿಟ್ಟು ಬೇಡ ಅಂತಿದಾರೆ. — ಅವರು ಇನ್ನೂ ಅಂದಿಲ್ಲ. ಹೊಡೆದು ಹಾಕಿದೆ.

ಮೇಸ್ತ್ರಿ, ಇನ್ಮೇಲೆ ಕೌಂಟರ್‌ನಲ್ಲಿ ನಿಲ್ತೀನಿ, ನಂಗೂ ಅದೇ ಇಷ್ಟ. — ಇಷ್ಟವಿಲ್ಲ. ಹೊಡೆದು ಹಾಕಿದೆ.

ಮೇಸ್ತ್ರಿ, ಆವತ್ತು ನಾನು ಹಸಿರು ಅಂದಿದ್ದು