ಫೋನಿನ ಪುಟ

ಜನವರಿ 8, ಸೋಮವಾರ

ನಾರಾಯಣಪೇಟೆ ಬಸ್ಸಿನಲ್ಲಿ ಮತ್ತೆರಡು ಪುಟ ತಿದ್ದಿದೆ. ಆಫೀಸು ತಲುಪುವಷ್ಟರಲ್ಲಿ ಹಳೆಯದೇ ಸರಿ ಅನ್ನಿಸಿತು. ಮೊದಲ ಕಾದಂಬರಿ. ಇನ್ನೂರು ಪುಟ. ಗಟ್ಟು ಎಂಬ ಊರಿಗೆ ಸೊಸೆಯಾಗಿ ಹೋಗಿ, ಮೂರನೇ ವರ್ಷ ಬಾವಿಯಲ್ಲಿ ಹೆಣವಾಗಿ ಸಿಕ್ಕ ನನ್ನ ಅಕ್ಕ ಗಂಗಾಂಬಿಕಾಳ ಕಥೆ. ಹೆಸರು ಮಾತ್ರ ಬೇರೆ.

ಹನ್ನೆರಡು ವರ್ಷ ಆಯಿತು. ಅವ್ವನೊಡನೆ ಅಂದಿನಿಂದ ಮಾತು ಅಷ್ಟಕ್ಕಷ್ಟೇ. ಅವಳೂ ಓದಲಿ.

ಜನವರಿ 13, ಶನಿವಾರ

ಗದ್ವಾಲ. ರಾಘಣ್ಣ ಸರ್ ಮನೆ. ಮೂವತ್ತು ವರ್ಷ ಕರಡು ತಿದ್ದಿದ ಕೈ. ನನ್ನ ಹಾಳೆ ತುಂಬ ಕೆಂಪು ಶಾಯಿ.

"ಮೊದಲ ಹನ್ನೊಂದು ಪುಟ ತೆಗೀರಿ. ಅದು ನೀವು ಗಂಟಲು ಸರಿ ಮಾಡ್ಕೊಂಡದ್ದು, ಕಥಿ ಅಲ್ಲ."

'ಅಳು' ನಲವತ್ತು ಸಲ ಬಂದಿದೆಯಂತೆ. "ನೀವ ಅತ್ತುಬಿಟ್ರ ಓದೋರಿಗೆ ಏನ್ರಿ ಉಳೀತದ?"

ಕೊನೆಗೆ ಫೋನಿನ ಪುಟ. ಸಾಯುವ ಹಿಂದಿನ ದಿನ ಮಗಳು ಫೋನ್ ಮಾಡಿ ತವರಿಗೆ ಬರುತ್ತೇನೆ ಎನ್ನುತ್ತಾಳೆ. ತಾಯಿ "ಹೊಂದ್ಕೊಂಡಿರು" ಎನ್ನುತ್ತಾಳೆ. ಅಂಚಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ.

"ಈ ತಾಯಿ ಬರೇ ಕೆಟ್ಟಾಕಿ ಆಗ್ಯಾಳ. ನಂಬಿಕಿ ಬರೂದಿಲ್ಲ. ಮೂರು ವಾರ ಮುಚ್ಚಿಡ್ರಿ. ಆಮ್ಯಾಲ ಜೋರಾಗಿ ಓದ್ರಿ. ಸುಳ್ಳಿದ್ದಲ್ಲಿ ನಾಲಿಗಿ ತೊಡರತದ."

ಮುದುಕನಿಗೇನು ಗೊತ್ತು!

ಫೆಬ್ರವರಿ 4, ಭಾನುವಾರ

ಜೋರಾಗಿ ಓದಿದೆ. ಅವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಕೇಳಲಿ ಎಂದೇ ಓದಿದೆ. ಫೋನಿನ ಪುಟಕ್ಕೆ ಅವಳ ಕೈ ನಿಂತಿತು.

"ರಂಜನಿ, ಆ ಮಾತು ನಂದಲ್ಲವ್ವ."

"ಮತ್ಯಾರದು?"

"ಅವತ್ತ ನಾ ರಾಯಚೂರ ದವಾಖಾನ್ಯಾಗ ನಿಮ್ಮಪ್ಪನ ಹಂತೇಕ ಇದ್ದೆ. ಮನಿಯಾಗ ನೀನೊಬ್ಬಾಕಿ. ಫೋನ್ ಎತ್ತಿದಾಕಿ ನೀನು."

ಸುಳ್ಳು ಎಂದೆ. ಕಿರುಚಿದೆ.

"ಮಣ್ಣು ಮಾಡಿ ಬಂದ ದಿನ ನೀನ ಹೇಳಿದ್ದಿ. 'ನನ್ನ ಪರೀಕ್ಷೆ ಮುಗೀಲಿ, ಅಲ್ಲೀತನಕ ಹೊಂದ್ಕೊಂಡಿರು ಅಂದುಬಿಟ್ಟೆ ಅವ್ವಾ' ಅಂತ ಅತ್ತಿ. ಯಾರ ಮುಂದೂ ಆಡಬ್ಯಾಡ ಅಂದೆ. ಹದಿನೇಳರ ಹುಡುಗಿ, ನಿನಗೇನು ತಿಳೀತಿತ್ತು..."

ಮತ್ತೆ ಶೇಂಗಾ ಸುಲಿಯತೊಡಗಿದಳು.

ಫೆಬ್ರವರಿ 6

ಆಫೀಸಿಗೆ ಹೋಗಿಲ್ಲ. ಮರೆತಿದ್ದೆನೇ? ಇಲ್ಲ. ಮನಸ್ಸಿನಲ್ಲೇ ತಿದ್ದಿ ತಿದ್ದಿ... ಆ ದನಿ ಅವ್ವನದೇ ಆಗಿಬಿಟ್ಟಿತ್ತು. ಹನ್ನೆರಡು ವರ್ಷ ನನ್ನ ಗಂಟುಮುಖ ನೋಡಿಕೊಂಡೇ ಅನ್ನ ಬಡಿಸಿದಳು. ಬಾಯಿ ಬಿಡಲಿಲ್ಲ.

ಮಾರ್ಚ್ 17, ಭಾನುವಾರ

ರಾಘಣ್ಣ ಸರ್ ಫೋನ್. "ಎಲ್ಲೀತನಕ ಬಂತ್ರಿ?" ಎಲ್ಲ ಹೇಳಿದೆ.

"ಇದ್ದದ್ದು ಬರೀರಿ. ಇಲ್ಲಾ ಹರದು ಒಗೀರಿ. ನಡುವಿಂದು ಮಾತ್ರ ಬ್ಯಾಡ."

ಇದ್ದದ್ದನ್ನೇ ಬರೆಯಲೇ ಎಂದು ಅವ್ವನನ್ನು ಕೇಳಿದೆ.

"ಬರೀಬ್ಯಾಡ. ನಾ ಕೆಟ್ಟಾಕಿ ಆದ್ರ ಏನೂ ಹೋಗಂಗಿಲ್ಲ. ನಿನಗಿನ್ನೂ ಬಾಳ್ವಿ ಐತಿ" ಎಂದಳು. ಅದನ್ನು ಕೇಳಿ ನನ್ನ ಮೇಲೇ ಹೇಸಿಗೆಯಾಯಿತು.

ಹೊಸ ಹಾಳೆ ತೆಗೆದೆ. ಮಕ್ತಲ್, ನಮ್ಮ ಮನೆ. ಮಧ್ಯಾಹ್ನ. ಫೋನ್ ಬಡಿದುಕೊಳ್ಳುತ್ತದೆ. ತಂಗಿ ಎತ್ತುತ್ತಾಳೆ.

'ತಂಗಿ' ಹೊಡೆದು ಹಾಕಿದೆ.

ನಾನು ಎತ್ತಿದೆ. ಅಕ್ಕ ಅಂದಳು —